ಕಪಾಟಿಗೆ ಅಂಟಿಸಿದ ಹಾಳೆ

ಕ್ಯಾಂಪ್, ಬೆಳಗಾವಿ
ರವಿವಾರ, ನವೆಂಬರ್ 16, 2025

ಪೂರ್ಣಿಮಾಗೆ,

ನಿನಗಿಂತ ಹನ್ನೊಂದು ವರ್ಷ ದೊಡ್ಡವಳಾದ ನಿನ್ನ ಗಂಡನ ಅಕ್ಕ ನೀಲಾಂಬಿಕಾ ಮಾಡುವ ನಮಸ್ಕಾರ.

ಒಂದು ಸಂಗತಿಯನ್ನು ಈ ಪತ್ರದಿಂದ ಬಿಟ್ಟುಬಿಡಲು ನಾನು ಬಹಳ ಪ್ರಯತ್ನಪಟ್ಟೆ. ಮೂರು ಸಲ ಬರೆದು ಹರಿದು ಹಾಕಿದೆ. ಮೂರರಲ್ಲೂ ಅದೊಂದನ್ನು ಬಿಟ್ಟು ಉಳಿದೆಲ್ಲ ಇತ್ತು. ನಿನ್ನ ಆರೋಗ್ಯ, ನಿಖಿತಾಳ ಅಭ್ಯಾಸ, ಅವ್ವನ ಮೊಣಕಾಲು ನೋವು. ಅದಕ್ಕೇ ಈ ಸಲ ಅದನ್ನೇ ಮೊದಲು ಬರೆಯುತ್ತೇನೆ. ಜನವರಿ 25ರ ಶನಿವಾರ, ಅಪ್ಪನಿಗೆ ರಕ್ತ ತೆಳು ಮಾಡುವ ಗುಳಿಗೆ ಮತ್ತೆ ಶುರು ಮಾಡು ಎಂದು ನಿನಗೆ ಹೇಳಿದವಳು ನಾನು. ‘ಡಾಕ್ಟರನ್ನು ಕೇಳಿ ಕೊಡು’ ಎಂದು ನಾನು ಅಂದು ಹೇಳಿರಲಿಲ್ಲ. ಆ ಮಾತನ್ನು ಅಪ್ಪ ತೀರಿಕೊಂಡ ಮೇಲೆ, ಮನೆ ತುಂಬ ಕೂತಿದ್ದ ಜನರ ಎದುರು, ಹೊಸದಾಗಿ ಸೇರಿಸಿದೆ.

ಇದು ನಿನಗೆ ಗೊತ್ತಿರುವುದೇ. ಗೊತ್ತಿದ್ದವಳಿಗೇ ಬರೆದು ಏನು ಉಪಯೋಗ ಎಂದು ನೀನು ಕೇಳಬಹುದು. ಮುಂದಿನ ರವಿವಾರ, 23ನೇ ತಾರೀಖು, ಓಂಕಾರ ಮತ್ತು ಭರಮಪ್ಪ ಕಾಕಾ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಖಾನಾಪುರಕ್ಕೆ ನಿಮ್ಮ ಮನೆಗೆ ಬರುತ್ತಾರೆ. ವಿಚ್ಛೇದನದ ಕಾಗದಕ್ಕೆ ನಿನ್ನ ಸಹಿ ಬೇಕಾಗಿದೆ. ನಿಖಿತಾ ಬೆಳಗಾವಿಯಲ್ಲೇ ಇರುತ್ತಾಳೆ ಎಂಬುದಕ್ಕೆ ನಿನ್ನ ಒಪ್ಪಿಗೆಯೂ ಬೇಕಾಗಿದೆ. ಆ ಕಾಗದ ನಿನ್ನ ಮುಂದೆ ಬರುವ ಮೊದಲು ನನ್ನ ಈ ಕಾಗದ ನಿನ್ನ ಕೈಯಲ್ಲಿರಬೇಕು.

ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ. ಇದನ್ನು ನೀನೊಬ್ಬಳೇ ಓದಿ ಮಡಚಿಡಬಾರದು. ಆ ರವಿವಾರ ಬಂದು ಕೂತವರೆಲ್ಲರ ಎದುರು ನಿಮ್ಮ ಅಪ್ಪ ಲಕ್ಷ್ಮಪ್ಪನವರು ಗಟ್ಟಿಯಾಗಿ ಓದಬೇಕೆಂದು ನನ್ನ ಆಸೆ. ಮೂವತ್ತು ವರ್ಷ ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗಿದ ಗಂಟಲು ಅವರದು. ಭರಮಪ್ಪ ಕಾಕಾ ಕಿವಿ ಮುಚ್ಚಿಕೊಂಡರೂ ಕೇಳುತ್ತದೆ.

ಕಳೆದ ವರ್ಷದ ದೀಪಾವಳಿಗೆ ಆಟೋ ನಗರದಲ್ಲಿ ಬೀಡುಕಬ್ಬಿಣದ ಎರಕಕ್ಕೆ ಕಟ್ಟಿಗೆಯ ಮಾದರಿ ಮಾಡುವ ನಮ್ಮ ಪ್ಯಾಟರ್ನ್ ಅಂಗಡಿ ತೊಳೆಯುವಾಗ ಅಪ್ಪ ಅರ್ಧ ಎಳೆದ ಶಟರಿಗೆ ತಲೆ ಬಡಿಸಿಕೊಂಡರು. ಒಂದು ಹನಿ ರಕ್ತ ಬರಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಡಿಸೆಂಬರ್ ಕೊನೆಗೆ ಅವರ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬೀಳುವುದು, ಅದು ಅವರಿಗೇ ತಿಳಿಯದಿರುವುದು ಶುರುವಾಯಿತು. ಮೊದಲು ನೋಡಿದವಳು ನೀನು. “ಅಕ್ಕಾ, ಮಾವಾರು ಒಂದ ಚಪ್ಪಲಿ ಮ್ಯಾಲ ಬಾಜಾರಿಂದ ಬಂದಾರರಿ, ನಗು ಬರೂ ಮಾತಲ್ರಿ ಇದು” ಎಂದು ಫೋನಿನಲ್ಲಿ ಹೇಳಿದೆ. ವಯಸ್ಸಾಯಿತಲ್ಲ, ಹಾಗೆಲ್ಲ ಆಗುತ್ತದೆ ಎಂದೆ ನಾನು. ನೀನು ನನ್ನ ಮಾತು ಕೇಳದೆ ಮರುದಿನ ಅವರನ್ನು ಆಟೋದಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಹೋದೆ. ಆವತ್ತು ನೀನು ನನ್ನ ಮಾತು ಕೇಳದಿದ್ದುದಕ್ಕೆ ಅಪ್ಪ ಇನ್ನೊಂದಿಷ್ಟು ದಿನ ಬದುಕಿದರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಕೂತ ಜನರಲ್ಲಿ ಇದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಡಾಕ್ಟರ್ ಸುಜಯ ಅವರು ಸ್ಕ್ಯಾನ್ ಹಿಡಿದು ವಿವರಿಸಿದ್ದು ನಿನಗೆ ನೆನಪಿರಬೇಕು. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ, ಬುರುಡೆಗೂ ಅದಕ್ಕೂ ನಡುವೆ ಜಾಗ ಬೀಳುತ್ತದೆ, ಅಲ್ಲಿನ ಸಣ್ಣ ರಕ್ತನಾಳಗಳು ಜಗ್ಗಿಕೊಂಡಿರುತ್ತವೆ. ಒಂದು ಸಣ್ಣ ಪೆಟ್ಟು ಬಿದ್ದರೂ ಸಾಕು, ಅಲ್ಲಿ ರಕ್ತ ಜಿನುಗಿ ವಾರಗಟ್ಟಲೆ ನಿಧಾನವಾಗಿ ತುಂಬಿಕೊಳ್ಳುತ್ತದೆ ಎಂದರು. ಅಪ್ಪ ಮಲಗಿದಲ್ಲಿಂದಲೇ ಮಾತು ತೆಗೆದರು.

“ಅಂದ್ರ ಶ್ರಿಂಕೇಜ್ ಅನ್ರಿ ಸಾಹೇಬ್ರ. ಬೀಡು ಆರಿದ್ಮ್ಯಾಲ ಕುಗ್ಗತೈತಂತ ನಾವು ಪ್ಯಾಟರ್ನಿಗೆ ಒಂದ ಪರ್ಸೆಂಟ್ ಜಾಸ್ತಿ ಹಿಡೀತೀವಿ. ಇದನ್ನ ಮಾಡಿದಂವಾ ಮರ್ತಾನ ನೋಡ್ರಿ.”

“ಮರ್ತಿಲ್ರಿ ಅಜ್ಜಾರ, ಎಪ್ಪತ್ತೆಂಟ ವರ್ಷದ ಗ್ಯಾರಂಟಿ ಮುಗದೈತಿ” ಎಂದು ಡಾಕ್ಟರು ನಕ್ಕರು.

ಜನವರಿ 6ರಂದು ಬುರುಡೆಗೆ ರಂಧ್ರ ಕೊರೆದು ಎರಡೂ ಬದಿಯ ರಕ್ತ ತೆಗೆದರು. ಎರಡು ದಿನ ನಳಿಕೆ ಹಾಕಿ ಉಳಿದದ್ದನ್ನೂ ಇಳಿಸಿದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನೂ ಓಂಕಾರನನ್ನೂ ಕರೆದು, ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಇದು ಮತ್ತೆ ತುಂಬಿಕೊಳ್ಳಬಹುದು ಎಂದರು. ಅಪ್ಪನಿಗೆ ಯಾಕೆ ಹೆದರಬೇಕು ಎಂಬುದನ್ನು ಬೆರಳು ಮಡಚುತ್ತ ಎಣಿಸಿದರು. ವಯಸ್ಸು ಒಂದು. ಎರಡೂ ಬದಿಗೆ ಆಗಿದ್ದು ಇನ್ನೊಂದು. ಕುಗ್ಗಿದ ಮೆದುಳು ಬೇಗ ಅರಳಿ ಆ ಜಾಗ ತುಂಬುವುದಿಲ್ಲ. ಆಪರೇಷನ್ನಿನ ನಂತರದ ಸ್ಕ್ಯಾನಿನಲ್ಲಿ ಒಳಗೆ ಒಂದಿಷ್ಟು ಗಾಳಿ ಉಳಿದದ್ದು ಕಾಣುತ್ತದೆ. ಸಕ್ಕರೆ ಕಾಯಿಲೆ ಇದೆ. ಆಮೇಲೆ, ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ತಿನ್ನುತ್ತಿರುವ ರಕ್ತ ತೆಳು ಮಾಡುವ ಗುಳಿಗೆ.

“ಮೊದಲಿನ ಐದೂ ನಮ್ಮ ಕೈಯಾಗಿಲ್ರಿ ಮೇಡಂ. ಕಡೀದೊಂದು ನಿಮ್ಮ ಕೈಯಾಗ ಐತಿ. ಆರು ವಾರಕ್ಕ ಸ್ಕ್ಯಾನ್ ಮಾಡ್ತೀನಿ. ಹಾರ್ಟಿನ ಡಾಕ್ಟರ್ ಜೋಡಿ ಮಾತಾಡಿ ನಾನ ಹೇಳೂತನಕ ಅದನ್ನ ಮುಟ್ಟಬ್ಯಾಡ್ರಿ. ನಡುವ ಏನ ಆದ್ರೂ ಫೋನ್ ಮಾಡ್ರಿ.”

ಆಸ್ಪತ್ರೆಯ ಕಾರ್ಡು ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದ ಬಂದರೆ ನನ್ನ ದಾರಿ ಕಾಯುವುದು ಪದ್ಧತಿ. ಕಾನ್ವೆಂಟಿನವರಿಗೆ ಅಪ್ಪ ಒಂದು ಕಟ್ಟಿಗೆಯ ಪೀಠ ಮಾಡಿಕೊಟ್ಟಿದ್ದಕ್ಕೆ ಸಿಸ್ಟರ್ ಒಬ್ಬರು ಖುಷಿಯಾಗಿ ನನ್ನನ್ನು ಶಾಲೆಗೆ ಸೇರಿಸಿಕೊಂಡರು. ಅಂದಿನಿಂದ ಕರೆಂಟ್ ಬಿಲ್ಲಿನಿಂದ ಹಿಡಿದು ಇ.ಸಿ.ಜಿ.ವರೆಗೆ ಎಲ್ಲವನ್ನೂ ನಾನು ಓದಿ ಹೇಳಬೇಕು. ಭಾಷೆ ಬಲ್ಲವಳು ವಿಷಯವನ್ನೂ ಬಲ್ಲಳು ಎಂದು ಮನೆಯವರು ತಿಳಿದರು. ಅದು ಅವರ ತಪ್ಪು. ಹೌದೆಂದು ನಾನೂ ತಿಳಿದೆ.

ಆ ಸಂಜೆ ನಾನು ಕೂತು ಕಾರ್ಡನ್ನು ಕನ್ನಡಕ್ಕೆ ಬರೆದು, ಬೆಳಗಾವಿಯ ಶಹಾಪುರದ ನಮ್ಮ ಮನೆಯ ಅಡುಗೆಮನೆಯ ಕಪಾಟಿಗೆ ಅಂಟಿಸಿದೆ. ಒಟ್ಟು ಏಳು ಸಾಲು. ನಾಲ್ಕನೆಯದು ಕೆಂಪು ಮಸಿಯಲ್ಲಿ: “ರಕ್ತ ತೆಳು ಮಾಡುವ ಗುಳಿಗೆ ಬೇಡ. ಆರು ವಾರದ ನಂತರ, ಡಾಕ್ಟರು ಹೇಳಿದರೆ ಮಾತ್ರ.” ಅಕ್ಷರ ಚಂದ ಬಂದಿದೆ ಎಂದು ಅಪ್ಪ ಹೊಗಳಿದರು. ಇಂಗ್ಲಿಷ್ ಸಾಲಿ ಕಲಿತರೂ ಕನ್ನಡ ಎಷ್ಟು ದುಂಡಗೆ ಬರೀತಾಳ ನೋಡು ಎಂದು ಅವ್ವನಿಗೆ ತೋರಿಸಿದರು.

ಇನ್ನು ಆ ಶನಿವಾರ. ನಾನು ಕಲಿಸುವ ಶಾಲೆಯಲ್ಲಿ ಪಾಲಕರ ಸಭೆ ನಡೆದಿತ್ತು, ಬಹಳ ಗದ್ದಲವಿತ್ತು ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಅದು ಬರೀ ನೆಪ. ಸಭೆ ಹನ್ನೊಂದಕ್ಕೇ ಮುಗಿದಿತ್ತು. ನೀನು ಫೋನ್ ಮಾಡಿದ್ದು ಹನ್ನೆರಡರ ಮೇಲೆ. ನಾನು ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತಿದ್ದೆ.

ನೀನು ರೊಟ್ಟಿ ಬಡಿಯುತ್ತ ಸ್ಪೀಕರ್ ಹಾಕಿದ್ದೆ. ತಟ್ಟುವ ಸದ್ದು ನನಗೆ ಕೇಳುತ್ತಿತ್ತು. “ಅಕ್ಕಾ, ಮಾವಾರಿಗೆ ಎದಿ ಬಿಗದಂಗ ಆಗತೈತಂತರಿ. ಗುಳಿಗಿ ಕೊಡು ಅಂತ ಮುಂಜಾನಿಂದ ಹಟಾ ಹಿಡದಾರ. ನೀವು ಬ್ಯಾಡ ಅಂತ ಬರದೀರಲ್ರಿ. ದವಾಖಾನಿಗೆ ಫೋನ್ ಹಚ್ಚಲೇನ್ರಿ?”

ಹಿಂದಿನಿಂದ ಅಪ್ಪನ ದನಿ ಬಂತು. “ಆಕೀನ್ನ ಕೇಳವಾ, ಡಾಕ್ಟರೇನ ಕೇಳ್ತಿ. ಎದಿಗೆ ಸ್ಪ್ರಿಂಗ್ ಹಾಕ್ಯಾರ. ಸ್ಪ್ರಿಂಗ್ ಹಾಕಿ ಎಣ್ಣಿ ಬಿಡಬ್ಯಾಡ ಅಂದ್ರ ಜಾಮ್ ಆಗೂದಿಲ್ಲೇನು?”

ಗುಳಿಗೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗಬಹುದು ಎಂದು ನಾನು ಎರಡು ದಿನದ ಹಿಂದೆ ಎಲ್ಲೋ ಓದಿದ್ದೆ. ಅರ್ಧ ಪುಟ ಓದಿದ್ದೆ, ಅಷ್ಟೆ. ಎದೆ ಬಿಗಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಹತ್ತನೇ ತರಗತಿಯ ಮಕ್ಕಳಿಗೂ ಗೊತ್ತು. ನಾನು ನಿನಗೆ ಹೇಳಿದ್ದು ಇಷ್ಟು. ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ.

“ಬ್ಯಾಡ ಅಂತ ಬರದಾಕಿನೂ ನಾನ, ಈಗ ಕೊಡು ಅನ್ನಾಕಿನೂ ನಾನ. ಸ್ಟೆಂಟ್ ಬಂದ್ ಆದ್ರ ಯಾರು ಜವಾಬ್ದಾರಿ, ನೀನೇನು? ದಿನಾ ಒಂದ ಕೊಡು. ಚೆಕಪ್ ದಿನ ಡಾಕ್ಟರಿಗೆ ನಾ ಹೇಳ್ತೀನಿ. ಸಣ್ಣ ಸಣ್ಣದಕ್ಕ ದವಾಖಾನಿಗೆ ಫೋನ್ ಮಾಡಿ ನಗಿಗೀಡ ಮಾಡಬ್ಯಾಡ.”

ರೊಟ್ಟಿ ತಟ್ಟುವ ಸದ್ದು ನಿಂತಿತು. “ಆತ್ರಿ ಅಕ್ಕಾ” ಎಂದು ನೀನು ಫೋನ್ ಇಟ್ಟೆ.

ಯಾಕೆ ಹಾಗೆ ಹೇಳಿದೆ ಎಂದು ಒಂಬತ್ತು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಅಪ್ಪನ ಹೃದಯದ ಚಿಂತೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಬೇರೆ ಇತ್ತು. ಅಪ್ಪ “ಆಕೀನ್ನ ಕೇಳು” ಅಂದರಲ್ಲ, ಆ ಮಾತು ನನಗೆ ಹಿತವಾಗಿತ್ತು. ನಲವತ್ತಾರು ವಯಸ್ಸಿನ, ಮದುವೆಯಾಗದ, ಕ್ಯಾಂಪಿನ ಬಾಡಿಗೆ ಮನೆಯಲ್ಲಿರುವ ಮಗಳಿಗೆ ತವರಿನಲ್ಲಿ ಉಳಿದಿದ್ದ ಜಾಗ ಅದೊಂದೇ. ನೀನು ಆಸ್ಪತ್ರೆಗೆ ಫೋನ್ ಮಾಡಿದ್ದರೆ ಆ ಜಾಗ ಹೋಗುತ್ತಿತ್ತು. ಖಾನಾಪುರದ ಸರಕಾರಿ ಶಾಲೆಯಲ್ಲಿ ಕಲಿತ ನೀನು ಡಾಕ್ಟರ ಜೊತೆ ನೇರವಾಗಿ ಮಾತಾಡಿ ಕೆಲಸ ಮುಗಿಸಿಬಿಡುತ್ತಿದ್ದೆ. ಹಿಂದೆ ಚಪ್ಪಲಿಯ ವಿಷಯದಲ್ಲಿ ಹಾಗೇ ಆಗಿತ್ತಲ್ಲ. ಅದು ನನಗೆ ಚುಚ್ಚಿತ್ತು ಎಂಬುದು ಇದನ್ನು ಬರೆಯುವಾಗಲೇ ನನಗೆ ಗೊತ್ತಾಗುತ್ತಿದೆ.

ಫೆಬ್ರವರಿ 10ರ ಬೆಳಿಗ್ಗೆ ಅಪ್ಪ ಮಜ್ಜಿಗೆಯನ್ನು ತಾಟಿನ ಹೊರಗೆ ಸುರಿದುಕೊಂಡರು. ಸ್ಕ್ಯಾನಿಗೆ ಇನ್ನೂ ಒಂದು ವಾರ ಬಾಕಿಯಿತ್ತು. ನೀನು ಯಾರನ್ನೂ ಕೇಳದೆ ಆಸ್ಪತ್ರೆಗೆ ಒಯ್ದೆ. ಬಲಗಡೆ ಮತ್ತೆ ತುಂಬಿಕೊಂಡಿತ್ತು. ನಾನೂ ಓಂಕಾರನೂ ಅಲ್ಲಿಗೆ ಓಡಿ ಬರುವ ಹೊತ್ತಿಗೆ ನರ್ಸ್ ನಿನ್ನನ್ನು ಕೇಳುತ್ತಿದ್ದಳು, ಗುಳಿಗೆ ನಿಲ್ಲಿಸಿದ್ದಿರಲ್ಲ ಎಂದು. “ಇಲ್ರಿ, ಹದಿನೇಳ ದಿವ್ಸದಿಂದ ಕೊಟ್ಟೀನಿ” ಎಂದು ನೀನು ಸತ್ಯ ಹೇಳಿದೆ. ಓಂಕಾರ ಅಲ್ಲೇ ಕೂಗಿದ: “ಯಾಕ ಕೊಟ್ಟಿ? ಯಾರ ಹೇಳಿದ್ರು ನಿನಗ?” ನೀನು ನನ್ನ ಮುಖ ನೋಡಿದೆ. “ಈಗ ಅದೆಲ್ಲ ಬ್ಯಾಡ, ಮೊದಲ ಅಪ್ಪನ್ನ ನೋಡೂಣು” ಎಂದೆ ನಾನು. ನೋಡಿದವರಿಗೆ ನಾನು ನಿನ್ನನ್ನು ಕಾಪಾಡುತ್ತಿದ್ದೇನೆ ಅನ್ನಿಸಿರಬೇಕು. ಓಂಕಾರ ಇವತ್ತಿಗೂ ಹಾಗೇ ತಿಳಿದಿದ್ದಾನೆ.

ಎರಡನೇ ಆಪರೇಷನ್ನೂ ಆಯಿತು, ರಕ್ತವನ್ನೂ ತೆಗೆದರು. ಆದರೆ ಅಪ್ಪ ಮತ್ತೆ ಎದ್ದು ಕೂಡಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. 23ರ ರವಿವಾರ ತೀರಿಕೊಂಡರು.

ಶಿವಗಣಾರಾಧನೆಯ ದಿನ ಊಟ ಮುಗಿದು ಜಂಗಮರೂ ನಿಮ್ಮ ತವರಿನವರೂ ಹೋದ ಮೇಲೆ, ಪಡಸಾಲೆಯಲ್ಲಿ ಕೂತವರಲ್ಲಿ ಮಾತು ಎದ್ದಿತು. ಭರಮಪ್ಪ ಕಾಕಾ ಅಡುಗೆಮನೆಗೆ ಹೋಗಿ ಕಪಾಟಿನ ಹಾಳೆ ಕಿತ್ತು ತಂದರು. ನಾಲ್ಕನೆಯ ಸಾಲನ್ನು ಎರಡು ಸಲ ಓದಿದರು. “ಕೆಂಪ ಮಸಿಲೆ ಬರದೈತಿ. ಕನ್ನಡದಾಗ ಐತಿ. ಇಷ್ಟರ ಓದಾಕ ಬರ್ತೈತಿಲ್ಲೋ ನಿಮ್ಮ ಸೊಸಿಗೆ? ಕುರಿಗೆ ಹಾಕೂ ಔಷಧ ಅಂತ ತಿಳಕೊಂಡಾಳೇನು?” ಯಾರೋ ನಕ್ಕರು. ಸತ್ತವರ ಮನೆಯಲ್ಲಿ, ಕುರಿ ಕಾಯ್ದ ನಿಮ್ಮ ಮನೆತನ ಹಿಡಿದು ಆಡಿದ ಆ ಮಾತಿಗೆ ನಕ್ಕರು. ಓಂಕಾರ ನಿನ್ನನ್ನು ಮದುವೆಯಾಗುತ್ತೇನೆ ಎಂದಾಗ, ಜಾತಿ ಗೀತಿ ಏನು ನೋಡ್ತೀರಿ, ಬಸವಣ್ಣನವರ ಹೆಸರು ಹೇಳೂ ಮನಿ ಇದು ಎಂದು ಅಪ್ಪನನ್ನು ಒಪ್ಪಿಸಿದವಳು ನಾನು. ಹತ್ತು ವರ್ಷ ಆ ಹೆಮ್ಮೆಯಲ್ಲಿ ಓಡಾಡಿದೆ. ಆ ಮಧ್ಯಾಹ್ನ ತಲೆ ತಗ್ಗಿಸಿ ಕೂತೆ.

ನೀನು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: “ಅಕ್ಕಾರ ಹೇಳಿದ್ರರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಭರಮಪ್ಪ ಕಾಕಾನ ಕೈಯಲ್ಲಿ ನನ್ನ ದುಂಡು ಅಕ್ಷರದ ಹಾಳೆ ಇತ್ತು. ಅದರಲ್ಲಿ ಬೇಡ ಎಂದೇ ಬರೆದಿತ್ತು. ಕೊಡು ಎಂದದ್ದು ಬಾಯಿಮಾತು. ಅದು ಎಲ್ಲಿಯೂ ಬರೆದಿರಲಿಲ್ಲ. “ಡಾಕ್ಟರನ್ನ ಕೇಳಿ ಕೊಡು ಅಂದಿದ್ದೆ” ಎಂದೆ. “ಆಕಿ ಕೇಳಿದಾಳೋ ಇಲ್ಲೋ, ನನಗ ಗೊತ್ತಿಲ್ಲ.”

ನಿನ್ನ ಜೊತೆ ಜಗಳವಾಡುವ ಕೆಲಸವನ್ನು ನನ್ನ ಹಾಳೆ ಮಾಡಿತು. ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಆಮೇಲೆ ಪಾತ್ರೆ ಇಡಲು ನಾನು ಒಳಗೆ ಬಂದಾಗ ನೀನು ನನಗೆ ಬೆನ್ನು ಹಾಕಿಕೊಂಡೇ ಹೇಳಿದ ಮಾತು: “ಅಕ್ಕಾ, ನಾ ಸಾಲಿ ಕಲ್ತದ್ದು ಕಡಿಮಿ ಇರಬಹುದ್ರಿ. ಕಿವಿ ಮಾತ್ರ ನೆಟ್ಟಗದಾವ.” ನಾನು ತಾಟುಗಳನ್ನು ಒಂದರ ಮೇಲೊಂದು ಜೋಡಿಸಿದೆ.

ಏಪ್ರಿಲ್‌ನಲ್ಲಿ ನಿಮ್ಮ ಅವ್ವ ಕಾಡವ್ವನವರ ಕಣ್ಣಿನ ಆಪರೇಷನ್ ಎಂದು ನೀನು ಖಾನಾಪುರಕ್ಕೆ ಹೋದೆ. ನಿಖಿತಾಳ ಪರೀಕ್ಷೆ ಎಂದು ಅವಳನ್ನು ಇಲ್ಲೇ ಉಳಿಸಿಕೊಂಡರು. ತಿರುಗಿ ಬಾ ಎಂದು ಯಾರೂ ಕರೆಯಲಿಲ್ಲ. ಜೂನ್‌ನಲ್ಲಿ ನಿನ್ನ ಸೀರೆಗಳನ್ನು ಎರಡು ಬ್ಯಾಗಿನಲ್ಲಿ ತುಂಬಿ ಬಸ್ಸಿನಲ್ಲಿ ಕಳಿಸಿದರು. ಒಂದು ಬ್ಯಾಗಿನ ಜಿಪ್ ಹಾಕಿದವಳು ನಾನೇ.

ಆ ತಿಂಗಳುಗಳಲ್ಲಿ ನಾನು ಓದಲು ಕೂತೆ. ಈ ಸಲ ಅರ್ಧ ಪುಟ ಓದಿ ಬಿಡಲಿಲ್ಲ. ಈ ರೋಗ ಮರುಕಳಿಸುವುದೇಕೆ ಎಂದು ದೊಡ್ಡ ದೊಡ್ಡ ಆಸ್ಪತ್ರೆಗಳವರು ಬರೆದ ಲೇಖನಗಳನ್ನು ತೆಗೆಸಿ, ಪೆನ್ಸಿಲ್ ಹಿಡಿದು ಓದಿದೆ. ಒಬ್ಬರು ವಯಸ್ಸೇ ಮುಖ್ಯ ಎನ್ನುತ್ತಾರೆ, ಇನ್ನೊಬ್ಬರು ಅಲ್ಲ ಎನ್ನುತ್ತಾರೆ. ಎರಡೂ ಬದಿಗೆ ಆಗಿದ್ದರೆ ಅಪಾಯ ಹೆಚ್ಚು ಎಂದು ಬಹಳ ಜನ ಬರೆದಿದ್ದಾರೆ. ಉಳಿದ ಗಾಳಿ, ಕುಗ್ಗಿದ ಮೆದುಳು. ಗುಳಿಗೆಯ ವಿಷಯದಲ್ಲಿ ಕೆಲವರು ಹೌದು, ಕೆಲವರು ಅಷ್ಟೇನಿಲ್ಲ. ‘ಅಷ್ಟೇನಿಲ್ಲ’ ಎಂದವರ ಸಾಲುಗಳ ಕೆಳಗೆ ನಾನು ಗೆರೆ ಎಳೆದೆ. ಎಲ್ಲ ಪಟ್ಟಿಗಳಲ್ಲೂ ಅಪ್ಪನಿದ್ದರು. ಯಾವ ಪಟ್ಟಿಯಲ್ಲೂ ನನ್ನ ಹೆಸರಿರಲಿಲ್ಲ. ಓದಿ ಮುಗಿಸಿದ ದಿನಗಳಲ್ಲಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಆ ಓದಿನಲ್ಲಿ ನನಗೆ ಬಿಡುಗಡೆ ಸಿಕ್ಕರೆ ನಿನಗೂ ಸಿಗಬೇಕಿತ್ತಲ್ಲ, ಆ ಹಾಳೆಗಳನ್ನು ಓಂಕಾರನಿಗೆ ತೋರಿಸಿ ‘ನೋಡು, ಗುಳಿಗೆಯಿಂದಲೇ ಆಯಿತು ಅನ್ನಲಾಗದು’ ಎಂದು ಹೇಳಬಹುದಿತ್ತಲ್ಲ. ಹೇಳಿದರೆ ಮಾತು ಮತ್ತೆ ಎದ್ದು ಆ ಶನಿವಾರದ ಫೋನಿಗೆ ಬಂದು ನಿಲ್ಲುತ್ತಿತ್ತು. ಸುಮ್ಮನಿದ್ದೆ.

ಆಗಸ್ಟ್‌ನಲ್ಲಿ ಡಾಕ್ಟರ್ ಸುಜಯ ಅವರ ಬಳಿಯೂ ಹೋದೆ. ಅವರು ಲೇಖನಗಳನ್ನು ತಿರುವಿ ನೋಡಿ ನನ್ನ ಮುಂದಿಟ್ಟರು. “ಯಾವುದರಿಂದ ತುಂಬತು ಅಂತ ಬೆರಳ ಮಾಡಿ ತೋರಸಾಕ ಆಗೂದಿಲ್ರಿ ಮೇಡಂ. ಗುಳಿಗಿ ಇಲ್ದಿದ್ರೂ ತುಂಬಬಹುದಿತ್ತು. ಆದ್ರ ಚಾಲೂ ಮಾಡೀವಿ ಅಂತ ಒಂದ ಫೋನ್ ಬಂದಿದ್ರ ನಾನು ಅವತ್ತ ನಿಲ್ಲಸ್ತಿದ್ದೆ, ಸ್ಕ್ಯಾನೂ ಮೊದಲ ಮಾಡ್ತಿದ್ದೆ. ಯಾರ ಹೇಳಿದ್ರು ಕೊಡಾಕ?”

“ಮನಿಯವ್ರು” ಎಂದೆ.

ಅಲ್ಲಿಂದ ಹೊರಗೆ ಬಂದವಳು ನೇರ ಖಾನಾಪುರದ ಬಸ್ಸು ಹತ್ತಿದೆ. ನಿನ್ನೆದುರು ನಿಂತು ಹೇಳಬೇಕೆಂದಿದ್ದೆ. ಬಸ್ ನಿಲ್ದಾಣದಲ್ಲಿ ಇಳಿದರೆ ನಿಮ್ಮ ಅವ್ವನೇ ಎದುರಾದರು, ಕಪ್ಪು ಕನ್ನಡಕ ಹಾಕಿಕೊಂಡು ಸೊಪ್ಪು ಆರಿಸುತ್ತಿದ್ದರು. “ಯಾರ, ನೀಲಕ್ಕಾರೇನ್ರಿ? ಬರ್ರಿ ಮನಿಗೆ. ಪೂರ್ಣಿ ಬ್ಲೌಸ್ ಹೊಲ್ಯಾಕ ಹೋಗ್ಯಾಳ, ಐದಕ್ಕ ಬರ್ತಾಳ. ಕುಂದರ್ರಿ, ಚಾ ಕುಡದು ಹೋಗ್ರಿ.” ಅವರ ಮಾತಿನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ. ಅಂದರೆ ನೀನು ಅವರಿಗೂ ಹೇಳಿರಲಿಲ್ಲ ಎಂದು ತಿಳಿಯಿತು. ಶಾಲೆಯ ಕೆಲಸಕ್ಕೆ ಬಂದಿದ್ದೆ, ಹೊತ್ತಾಯಿತು ಎಂದು ಹೇಳಿ ಅದೇ ಬಸ್ಸಿನಲ್ಲಿ ವಾಪಸು ಬಂದೆ. ನೀನು ಯಾಕೆ ಹೇಳಲಿಲ್ಲ ಎಂದು ಬಹಳ ಯೋಚಿಸಿದೆ. ನನ್ನ ಮರ್ಯಾದೆ ಉಳಿಸಲು ಎಂದು ತಿಳಿದುಕೊಳ್ಳಲು ಆಸೆಯಾಗುತ್ತದೆ. ಯಾರೂ ನಂಬದ ಮಾತನ್ನು ಎರಡನೇ ಸಲ ಹೇಳಿ ಕೀಳಾಗುವುದು ನಿನಗೆ ಬೇಡವಾಗಿತ್ತು, ಅಷ್ಟೇ ಇರಬೇಕು.

ಹೋದ ಬುಧವಾರ ನಿಖಿತಾ ಅಭ್ಯಾಸಕ್ಕೆಂದು ನನ್ನ ಮನೆಗೆ ಬಂದಿದ್ದಳು. ಗಣಿತ ಮಾಡುತ್ತ ಮಾಡುತ್ತ ಪೆನ್ಸಿಲ್ ಕಚ್ಚಿ ಕೇಳಿದಳು: “ನೀಲತ್ತಿ, ಅವ್ವ ಅಜ್ಜಗ ತಪ್ಪ ಗುಳಿಗಿ ಕೊಟ್ಟಾಳಂತ. ಖರೇ ಏನು?”

“ಯಾರಂದ್ರು? ಹಂಗೇನಿಲ್ಲ” ಎಂದೆ.

“ಮತ್ತ ಯಾರ ಕೊಟ್ರು?”

ಅವಳಿಗೆ ಒಂಬತ್ತು ವರ್ಷ. ಅವಳು ಅಷ್ಟಕ್ಕೇ ಬಿಡಲಿಲ್ಲ. ನಾನು ಗಣಿತದ ಪುಸ್ತಕ ಎಳೆದುಕೊಂಡು ಒಂದು ಲೆಕ್ಕ ತಪ್ಪಾಗಿದೆ ಎಂದೆ. ತಪ್ಪಾಗಿರಲಿಲ್ಲ. ಸರಿ ಇದ್ದ ಲೆಕ್ಕವನ್ನು ಆ ಹುಡುಗಿ ರಬ್ಬರಿನಿಂದ ಅಳಿಸಹತ್ತಿದಳು. ನಾನು ಕೂತು ನೋಡಿದೆ.

ಪೂರ್ಣಿಮಾ, ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂಬ ಚಿಂತೆಯೂ ನಿನ್ನ ಪಾಲಿಗೇ ಬರುತ್ತದೆ. ನಾನು ಕೇಳುವುದಿಷ್ಟು. ರವಿವಾರ ಅವರು ಕಾಗದ ಮುಂದಿಟ್ಟಾಗ, ಮೊದಲು ಇದನ್ನು ಓದಿಸು. ಅಪ್ಪನ ರೋಗ ಮರುಕಳಿಸಲು ಡಾಕ್ಟರು ಎಣಿಸಿದ ಆರರಲ್ಲಿ ಐದು ಯಾರ ಕೈಯಲ್ಲೂ ಇರಲಿಲ್ಲ. ಆರನೆಯದು ನನ್ನ ಕೈಯಲ್ಲಿತ್ತು, ನಿನ್ನ ಕೈಯಲ್ಲಿರಲಿಲ್ಲ. ಭರಮಪ್ಪ ಕಾಕಾ ಸಾಕ್ಷಿ ಏನು ಎಂದು ಕೇಳಿದರೆ ಅಕ್ಷರ ಹೋಲಿಸಿ ನೋಡಲಿ. ಆ ಹಾಳೆ ಇನ್ನೂ ಅವರ ಕಿಸೆಯಲ್ಲಿದೆಯಂತೆ.

ಇದೆಲ್ಲ ಕೇಳಿದ ಮೇಲೂ ನಿನಗೆ ಈ ಮನೆ ಬೇಡ ಅನ್ನಿಸಿದರೆ, ಸಹಿ ಮಾಡು. ಆಗ ಅದು ನಿನ್ನ ಮನಸ್ಸಿನ ಸಹಿಯಾಗುತ್ತದೆ. ನಿಖಿತಾಳನ್ನು ಮಾತ್ರ ಬಿಟ್ಟುಕೊಡಬೇಡ. ಕೋರ್ಟಿನಲ್ಲಿ ನಿಂತು ಹೇಳಬೇಕಾದರೆ ನಾನು ಬಂದು ಹೇಳುತ್ತೇನೆ.

ಇಂತಿ,
ನೀಲಾಂಬಿಕಾ ಗುರುಪಾದಪ್ಪ

ತಾ.ಕ.: ಇಷ್ಟು ಬರೆದು, ಮಧ್ಯಾಹ್ನ ಶಹಾಪುರಕ್ಕೆ ಹೋಗಿ ಅವ್ವನಿಗೆ ಮೊದಲು ಹೇಳಿದೆ. ಆಕೆ ಅಳುತ್ತಾಳೆ, ಬೈಯುತ್ತಾಳೆ ಎಂದು ತಿಳಿದಿದ್ದೆ. ಆಕೆ ಅವರೆಕಾಯಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. “ಗೊತ್ತೈತಿ” ಎಂದಳು. “ನಾ ದೇವರ ಮನ್ಯಾಗ ಇದ್ದೆ. ಫೋನಿನಾಗ ನೀ ಒದರಿದ್ದು ಹಿತ್ತಲಕ್ಕ ಕೇಳ್ತಿತ್ತು.”

ಮತ್ತೆ ಅಂದು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ಯಾರರ ಒಬ್ಬರ ಮ್ಯಾಲ ಬೀಳೂದಿತ್ತು. ಆಕಿಗೆ ಹೋಗಾಕ ತವರಮನಿ ಐತಿ. ನಿನಗೇನೈತಿ?” ಆಮೇಲೆ ಮೆಲ್ಲಗೆ ಹೇಳಿದಳು: “ನಿಮ್ಮಪ್ಪಂದು ವರ್ಷದ ಕಾರ್ಯ ಮುಗೀಲಿ ನೀಲಾ. ಫೆಬ್ರುವರಿಗೆ ಏನ ಬೇಕಾದ್ದು ಬರಿಯಂತಿ. ನಾ ಕೇಳೀನಿ ಅನ್ನೂದು ಅದರಾಗ ಬರೀಬ್ಯಾಡ.”

ಫೆಬ್ರವರಿಗೆ ಎಲ್ಲ ಮುಗಿದಿರುತ್ತದೆ ಎಂದು ಆಕೆಗೂ ಗೊತ್ತು, ನನಗೂ ಗೊತ್ತು. ಆದರೂ ಆ ಮಾತು ಕೇಳಿದಾಗ ನನಗೆ ಒಂದು ಗಳಿಗೆ ಸಮಾಧಾನವಾಯಿತು ಪೂರ್ಣಿಮಾ. ನನ್ನ ಪಕ್ಷದಲ್ಲಿ ಒಬ್ಬರಿದ್ದಾರೆ ಎನ್ನಿಸಿತು. ಅವ್ವ ಅವರೆಕಾಯಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು, ನಾನೂ ಕೂತು ಸುಲಿಯತೊಡಗಿದೆ. ಬುಟ್ಟಿ ಖಾಲಿಯಾಯಿತು. ಎದ್ದು ಬಂದು ಇದನ್ನು ಸೇರಿಸುತ್ತಿದ್ದೇನೆ. ಇದನ್ನೂ ಲಕ್ಷ್ಮಪ್ಪನವರು ಓದಲಿ.

ನಾಳೆ ಸಂಜೆ ಓಂಕಾರ ಅಂಗಡಿ ಮುಚ್ಚುವ ಹೊತ್ತಿಗೆ ಆಟೋ ನಗರಕ್ಕೆ ಹೋಗಿ ಪೂರ್ತಿ ಪತ್ರವನ್ನು ನಾನೇ ಅವನಿಗೆ ಓದಿ ಹೇಳುತ್ತೇನೆ. ಅವನು ಏನೇ ಅನ್ನಲಿ, ಮರುದಿನ ಕ್ಯಾಂಪಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ.

ಕ್ಯಾಂಪ್ ಅಂಚೆ ಕಚೇರಿ, ಮಂಗಳವಾರ, ನವೆಂಬರ್ 18.